ಮೂಲಪಾಠವೂ ಹೊಸ ಬಣ್ಣವೂ

ಹಳೆಯ ಸೈಕಲ್ಲುಗಳ ಜೀರ್ಣೋದ್ಧಾರದ ಹವ್ಯಾಸವನ್ನು ನಾನು ಗ್ರಂಥಸಂಪಾದನೆಯ ಬಳಗಕ್ಕೇ ಸೇರಿಸುತ್ತೇನೆ. ನಾಟಿಂಗ್‌ಹ್ಯಾಮಿನ ಹಳೆಯ ರ‍್ಯಾಲಿ ಸೈಕಲ್ಲನ್ನು ನೋಡಿ: ಪೆಡಲಿನ ಹಲ್ಲುಚಕ್ರದಲ್ಲಿ ಕೊಕ್ಕರೆಯ ತಲೆಗಳು, ಸ್ಟರ್ಮಿ-ಆರ್ಚರ್ ಗೇರಿದ್ದರೆ, ಅದರ ಹಬ್ಬಿನ ಮೇಲೆ ಅನೇಕವೇಳೆ ತಯಾರಾದ ವರ್ಷದ ಅಚ್ಚು. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ಬರೆದಿಟ್ಟ ಕಾಲನಿರ್ದೇಶದಂತೆಯೇ ಅಲ್ಲವೆ ಇದು? ಆದರೆ ಹವ್ಯಾಸಿಗಳಲ್ಲಿ ಹಲವರು ತುಕ್ಕಿನೊಡನೆ ಮೂಲದ ಬಣ್ಣವನ್ನೂ ಕೈಯಿಂದೆಳೆದ ಚಿನ್ನದ ಗೆರೆಗಳನ್ನೂ ಉಜ್ಜಿಹಾಕಿ, ಹೊಸ ಬಣ್ಣ ಬಳಿದು ಹಿಗ್ಗುತ್ತಾರೆ. ಇದು ಕವಿಯ ಪದ್ಯವನ್ನು ಅಳಿಸಿ ಸಂಪಾದಕನು ಸ್ವಂತದ್ದನ್ನು ಬರೆದಂತೆ. ಸವೆದ ಬ್ರೇಕುಕಟ್ಟೆಯನ್ನು ಬದಲಿಸಲಿ. ತುಕ್ಕು ಕಬ್ಬಿಣವನ್ನು ತಿನ್ನದಂತೆ ತಡೆಯಲಿ. ಅದು ಲಿಪಿದೋಷದ ತಿದ್ದುಪಡಿ. ಮೂಲದ ಬಣ್ಣವಾದರೋ ಒಮ್ಮೆ ಹೋದರೆ ಹೋಯಿತು. ಮಿರುಗುವ ಪ್ರಕ್ಷಿಪ್ತಕ್ಕಿಂತ ಮಾಸಿದ ಮೂಲವೇ ಮೇಲು.