ಮೀನು ತಿನ್ನದ ಪೈಲಟ್ ಬೇಕಾಗಿದ್ದಾನೆ

ವಿಮಾನ ಆಕಾಶದಲ್ಲಿದೆ. ರಾತ್ರಿಯೂಟಕ್ಕೆ ಮೀನು ತಿಂದವರು ಒಬ್ಬೊಬ್ಬರಾಗಿ ಕುಸಿಯುತ್ತಿದ್ದಾರೆ. ಪೈಲಟ್‌ಗಳು ತಿಂದದ್ದೂ ಮೀನನ್ನೇ. ಆಗ ಪ್ರಯಾಣಿಕರ ನಡುವೆ ಇದ್ದ ಡಾಕ್ಟರು ಗಂಭೀರವಾಗಿ ಹೇಳುತ್ತಾನೆ: ಎಲ್ಲರ ಜೀವವೂ ಈಗ ಒಂದೇ ಸಂಗತಿಯ ಮೇಲೆ ನಿಂತಿದೆ. ವಿಮಾನ ಹಾರಿಸಲು ಬಲ್ಲವನೂ ಆಗಿರಬೇಕು, ರಾತ್ರಿ ಮೀನು ತಿನ್ನದವನೂ ಆಗಿರಬೇಕು, ಅಂಥ ಒಬ್ಬ ಸಿಗಬೇಕು.

ಈ ಮಾತು ಎರಡು ಹಾಲಿವುಡ್ ಸಿನಿಮಾಗಳಲ್ಲಿದೆ. 1957ರ ‘ಝೀರೋ ಅವರ್!’ನಲ್ಲಿ ಅದು ಪ್ರೇಕ್ಷಕರ ಎದೆಬಡಿತ ಹೆಚ್ಚಿಸಲು ಬರೆದ ಮಾತು. 1980ರ ‘ಏರ್‌ಪ್ಲೇನ್!’ನಲ್ಲಿ ಅದೇ ಮಾತು, ಹೆಚ್ಚುಕಡಿಮೆ ಅದೇ ಪದಗಳಲ್ಲಿ, ನಗು ತರಿಸುತ್ತದೆ. ಮಾತು ಬದಲಾಗಿಲ್ಲ. ಹಾಗಾದರೆ ಬದಲಾದದ್ದೇನು? ಅಸಂಬದ್ಧ ಅಣಕ ಚಿತ್ರಗಳ ಸೆಳೆತವನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಪ್ರಶ್ನೆ ಸಾಕು ಎಂದು ನನಗೆ ಅನಿಸುತ್ತದೆ.

‘ಏರ್‌ಪ್ಲೇನ್!’ ಮಾಡಿದವರು ಮೂವರು: ಜಿಮ್ ಅಬ್ರಹಾಮ್ಸ್ ಮತ್ತು ಸಹೋದರರಾದ ಡೇವಿಡ್ ಝಕರ್, ಜೆರ್ರಿ ಝಕರ್. ಟಿವಿ ಜಾಹೀರಾತುಗಳನ್ನು ಅಣಕಿಸುವ ಉದ್ದೇಶದಿಂದ ಅವರು ತಡರಾತ್ರಿಯ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಹಾಗೆ ಜಾಹೀರಾತುಗಳ ಜೊತೆಗೆ ಸಿಕ್ಕಿದ್ದು ‘ಝೀರೋ ಅವರ್!’. ಅವರ ಚಿತ್ರಕಥೆ ಅದಕ್ಕೆ ಎಷ್ಟು ಹತ್ತಿರವಿತ್ತೆಂದರೆ ಹಳೆಯ ಚಿತ್ರದ ಹಕ್ಕುಗಳನ್ನೇ ಕೊಂಡುಕೊಳ್ಳಬೇಕಾಯಿತು. ಯುದ್ಧದ ನೆನಪಿನಿಂದ ಕುಗ್ಗಿಹೋದ ನಾಯಕ, ಅವನನ್ನು ಬಿಟ್ಟು ಹೊರಟ ಹೆಂಗಸು, ಕೆಳಗೆ ಕಂಟ್ರೋಲ್ ಟವರಿನಲ್ಲಿ ಸಿಗರೇಟು ಹಿಡಿದ ಅಧಿಕಾರಿಗಳು, ಎಲ್ಲವೂ ಹಳೆಯದೇ. ಅಣಕಕಾರರು ಇಲ್ಲಿ ಮಾಡಿದ ಮೊದಲ ಕೆಲಸ ಓದು. ಯಾವ ಸಾಲು ತನ್ನ ಶಕ್ತಿಗೆ ಮೀರಿದ ಭಾರ ಹೊತ್ತಿದೆ, ಎಲ್ಲಿ ಸ್ವಲ್ಪ ತಟ್ಟಿದರೆ ಇಡೀ ಕಟ್ಟಡ ಅಲುಗುತ್ತದೆ ಎಂದು ಅವರು ಸಾಲುಸಾಲಾಗಿ ಗುರುತಿಸಿದ್ದಾರೆ.

ಎರಡನೆಯ ಕೆಲಸ ನಟರ ಆಯ್ಕೆ. ಹಾಸ್ಯನಟರನ್ನು ಹಾಕಿಕೊಳ್ಳಬಹುದಿತ್ತು. ಅವರು ಆರಿಸಿದ್ದು ಗಂಭೀರ ಪಾತ್ರಗಳಿಗೇ ಹೆಸರಾದವರನ್ನು. ‘ದಿ ಅನ್‌ಟಚಬಲ್ಸ್’ನ ಫೆಡರಲ್ ಅಧಿಕಾರಿ ರಾಬರ್ಟ್ ಸ್ಟ್ಯಾಕ್, ‘ಮಿಷನ್: ಇಂಪಾಸಿಬಲ್’ ಧಾರಾವಾಹಿಯ ಪೀಟರ್ ಗ್ರೇವ್ಸ್, 1972ರ ‘ದಿ ಪೊಸೈಡನ್ ಅಡ್ವೆಂಚರ್’ನಲ್ಲಿ ಮುಳುಗುವ ಹಡಗಿನ ಕಪ್ತಾನನಾಗಿದ್ದ ಲೆಸ್ಲಿ ನೀಲ್ಸನ್. ಇವರು ಯಾರೂ ನಮ್ಮತ್ತ ತಿರುಗಿ ಕಣ್ಣು ಮಿಟುಕಿಸುವುದಿಲ್ಲ. ತಾವು ಹಾಸ್ಯಚಿತ್ರದಲ್ಲಿದ್ದೇವೆ ಎಂಬ ಸುದ್ದಿ ಅವರಿಗೆ ಇನ್ನೂ ತಲುಪಿಲ್ಲ ಎಂಬಂತೆ ನಟಿಸುತ್ತಾರೆ. ಸಂಗೀತಕ್ಕೂ ಇದೇ ಸೂತ್ರ. ‘ದಿ ಟೆನ್ ಕಮ್ಯಾಂಡ್‌ಮೆಂಟ್ಸ್’ಗೆ ಸಂಗೀತ ಕೊಟ್ಟ ಎಲ್ಮರ್ ಬರ್ನ್‌ಸ್ಟೈನ್ ಇಲ್ಲಿಯೂ ಪೂರ್ತಿ ಗಾಂಭೀರ್ಯದಿಂದಲೇ ಬಾರಿಸುತ್ತಾರೆ. ತೆರೆಯ ಮೇಲೆ ಹಾರುವುದು ಜೆಟ್ ವಿಮಾನ, ಕೇಳಿಸುವುದು ಹಳೆಯ ಪ್ರೊಪೆಲರ್ ಸದ್ದು. ಸಿನಿಮಾದೊಳಗೆ ಯಾರೂ ಅದನ್ನು ಗಮನಿಸುವುದಿಲ್ಲ.

ಒಂದು ಪ್ರಸಂಗ. ರೋಗಿಯನ್ನು ಬೇಗ ಆಸ್ಪತ್ರೆಗೆ ಸೇರಿಸಬೇಕು ಎನ್ನುತ್ತಾನೆ ಡಾಕ್ಟರು. ಗಾಬರಿಯಿಂದ ಗಗನಸಖಿ ಕೇಳುತ್ತಾಳೆ: ಆಸ್ಪತ್ರೆಯೇ? ಏನದು? ಅವನ ಉತ್ತರ: ಅದೊಂದು ದೊಡ್ಡ ಕಟ್ಟಡ, ತುಂಬ ರೋಗಿಗಳಿರುತ್ತಾರೆ, ಆದರೆ ಈಗ ಅದು ಮುಖ್ಯವಲ್ಲ. ಇಂಗ್ಲಿಷಿನ ಈ ಹಾಸ್ಯ ಕನ್ನಡಕ್ಕೆ ಬಂದರೂ ಉಳಿಯುತ್ತದೆ. ಅದೇ ಚಿತ್ರದ ಹೆಚ್ಚು ಪ್ರಸಿದ್ಧವಾದ ‘ಶರ್ಲಿ’ ಹಾಸ್ಯ ದಾಟಿ ಬರುವುದಿಲ್ಲ. ‘ಖಂಡಿತ’ ಎಂಬರ್ಥದ ಇಂಗ್ಲಿಷ್ ಪದವೂ ಒಬ್ಬ ಹೆಂಗಸಿನ ಹೆಸರೂ ಕಿವಿಗೆ ಒಂದೇ ಥರ ಕೇಳಿಸುವುದರ ಮೇಲೆ ಅದು ನಿಂತಿದೆ. ಮೊದಲನೆಯದು ನಿಂತಿರುವುದು ಎಲ್ಲ ಭಾಷೆಗಳಲ್ಲಿಯೂ ಇರುವ ಒಂದು ಅಭ್ಯಾಸದ ಮೇಲೆ: ಬಿಳಿ ಕೂದಲಿನವನೊಬ್ಬ ಸ್ಥಿರ ದನಿಯಲ್ಲಿ ಏನು ಹೇಳಿದರೂ ನಾವು ತಲೆಯಾಡಿಸುತ್ತೇವೆ.

ಇಲ್ಲಿಗೆ ಒಂದು ತೊಡಕು ಎದುರಾಗುತ್ತದೆ. ಅಣಕವೆಂದರೆ ಮೂಲವನ್ನು ಅವಲಂಬಿಸಿ ಬದುಕುವ ಬಳ್ಳಿ, ಮೂಲ ಗೊತ್ತಿಲ್ಲದವರಿಗೆ ಅದು ದಕ್ಕದು ಎಂಬ ಮಾತು ಸಾಹಿತ್ಯದ ತರಗತಿಗಳಲ್ಲಿ ಚಾಲ್ತಿಯಲ್ಲಿದೆ. ಅಣಕವನ್ನು ಬರೀ ಗೇಲಿಯೆಂದು ನೋಡಬಾರದು, ಅದು ವಿಮರ್ಶೆಯ ಅಂತರವನ್ನು ಇಟ್ಟುಕೊಂಡ ಪುನರಾವರ್ತನೆ ಎಂದು ಲಿಂಡಾ ಹಚನ್ 1985ರಲ್ಲಿಯೇ ವಾದಿಸಿದ್ದಾರೆ. ಆದರೆ ‘ಝೀರೋ ಅವರ್!’ ನೋಡದವರೂ ‘ಏರ್‌ಪ್ಲೇನ್!’ ನೋಡಿ ನಗುತ್ತಾರೆ. ಮೂಲವೇ ಗೊತ್ತಿಲ್ಲದಿದ್ದರೆ ಯಾವುದರ ಪುನರಾವರ್ತನೆಗೆ ಆ ನಗು?

ನನ್ನ ಉತ್ತರ ಇಷ್ಟು. ಒಳ್ಳೆಯ ಅಣಕ ಚಿತ್ರದ ನಿಜವಾದ ಮೂಲ ಯಾವುದೋ ಒಂದು ಸಿನಿಮಾ ಅಲ್ಲ, ಗಾಂಭೀರ್ಯದ ವ್ಯಾಕರಣ. ಕ್ಯಾಮೆರಾ ಮುಖದ ಹತ್ತಿರ ಹೋದರೆ ದುಃಖ, ತಂತಿವಾದ್ಯ ಏರಿದರೆ ಅಪಾಯ, ತಗ್ಗಿದ ದನಿಯೆಂದರೆ ಸತ್ಯ. ಇವನ್ನು ನಮಗೆ ಯಾರೂ ಕಲಿಸಿಲ್ಲ, ನೂರಾರು ಸಿನಿಮಾ ನೋಡಿ ನಾವೇ ಕಲಿತಿದ್ದೇವೆ. ಅಣಕ ಈ ವ್ಯಾಕರಣವನ್ನು ಹಾಗೇ ಇಟ್ಟು ಅದರೊಳಗಿನ ಅರ್ಥವನ್ನು ಮಾತ್ರ ತೆಗೆದುಬಿಡುತ್ತದೆ. ಖಾಲಿಯಾದ ಪಾತ್ರೆ ಅದೇ ಠೀವಿಯಲ್ಲಿ ಮೆರವಣಿಗೆ ಹೊರಟಾಗ ನಗು ಬರುತ್ತದೆ.

ನಮ್ಮ ನೆರೆಯಲ್ಲೂ ಇದಕ್ಕೆ ಸಾಕ್ಷಿಯಿದೆ. ಸಿ.ಎಸ್. ಅಮುದನ್ 2010ರಲ್ಲಿ ನಿರ್ದೇಶಿಸಿದ ‘ತಮಿಳ್ ಪಡಂ’ ಅಣಕಿಸುವುದು ತಮಿಳು ಸಿನಿಮಾಗಳನ್ನು. ಆದರೂ ಕನ್ನಡ ಪ್ರೇಕ್ಷಕ ಅಲ್ಲಿ ಹೊರಗಿನವನಾಗುವುದಿಲ್ಲ. ಒಂದು ಹಾಡು ಮುಗಿಯುವುದರೊಳಗೆ ಬಡವ ಸಿರಿವಂತನಾಗುವ ಸೂತ್ರ ನಮ್ಮ ಚಿತ್ರಮಂದಿರಗಳಲ್ಲಿಯೂ ಓಡಿದೆ. ಯಾವ ಚಿತ್ರದ ಅಣಕ ಎಂದು ತಿಳಿಯದಿದ್ದರೂ ಯಾವ ಅಭ್ಯಾಸದ ಅಣಕ ಎಂದು ತಿಳಿಯುತ್ತದೆ.

ಈ ಅಳತೆಗೋಲು ಸೋತ ಅಣಕಗಳನ್ನೂ ವಿವರಿಸುತ್ತದೆ. 2008ರ ‘ಡಿಸಾಸ್ಟರ್ ಮೂವಿ’ಯಂಥ ಚಿತ್ರಗಳು ಆ ವರ್ಷದ ಜನಪ್ರಿಯ ಪಾತ್ರಗಳ ವೇಷ ತೊಡಿಸಿ ಒಬ್ಬೊಬ್ಬರನ್ನಾಗಿ ತೆರೆಗೆ ತರುತ್ತವೆ. ‘ಇವನು ಯಾರು ಗೊತ್ತಾಯಿತೇ?’ ಎಂದು ಕೇಳುವುದಷ್ಟೇ ಅಲ್ಲಿನ ಹಾಸ್ಯ. ಗುರುತು ಹಿಡಿಯುವುದು ಓದುವುದಕ್ಕೆ ಸಮವಲ್ಲ. ‘ಏರ್‌ಪ್ಲೇನ್!’ ಕೂಡ ಎಲ್ಲ ಕಡೆ ಗೆಲ್ಲುವುದಿಲ್ಲ. ನಾಯಕ ಆಫ್ರಿಕದ ಬುಡಕಟ್ಟಿನವರಿಗೆ ಬಾಸ್ಕೆಟ್‌ಬಾಲ್ ಕಲಿಸುವ ದೃಶ್ಯ ಇಂದು ಮುಜುಗರ ತರುತ್ತದೆ. ಅಲ್ಲಿ ಅಣಕದ ಗುರಿ ಸಿನಿಮಾದ ರೂಢಿಯಿಂದ ಜಾರಿ ಜನರ ಮೇಲೆ ಬಿದ್ದಿದೆ. ಗಾಂಭೀರ್ಯವನ್ನು ಗೇಲಿ ಮಾಡಿದ ದೃಶ್ಯಗಳು ಹಳತಾಗಿಲ್ಲ, ದುರ್ಬಲರನ್ನು ಗೇಲಿ ಮಾಡಿದ ದೃಶ್ಯ ಹಳತಾಗಿದೆ.

ಇಷ್ಟು ಹಗುರವಾದ ಸಿನಿಮಾಕ್ಕೆ ಇಷ್ಟು ಮಾತು ಬೇಕೇ ಎಂದು ಕೇಳಬಹುದು. ಸಂಜೆ ಯಾವುದಾದರೂ ಸುದ್ದಿವಾಹಿನಿ ಹಾಕಿ, ಸುದ್ದಿ ಬಿಟ್ಟು ಬರೀ ಸದ್ದನ್ನು ಕೇಳಿ. ಮಳೆಯಾದರೂ, ನಟನ ಮದುವೆಯಾದರೂ, ಹಾವು ಕಂಡರೂ ಅದೇ ನಗಾರಿ, ಅದೇ ನಡುಗುವ ದನಿ. ಗಾಂಭೀರ್ಯದ ವ್ಯಾಕರಣ ಈಗ ಚಿತ್ರಮಂದಿರ ದಾಟಿ ನಮ್ಮ ನಡುಮನೆಗೆ ಬಂದಿದೆ. ಅಲ್ಲಿ ಯಾರೂ ತಮಾಷೆ ಮಾಡುತ್ತಿಲ್ಲ. ಲೆಸ್ಲಿ ನೀಲ್ಸನ್‌ನ ನಿರ್ವಿಕಾರ ಮುಖ ನೋಡಿ ಪಳಗಿದ ಕಿವಿಗೆ ಆ ದನಿಯ ಹಿಂದೆ ಏನಿದೆ, ಏನಿಲ್ಲ ಎಂಬುದು ಸ್ವಲ್ಪ ಬೇಗ ತಿಳಿಯುತ್ತದೆ. ಅಣಕ ಚಿತ್ರವನ್ನು ನಾನು ವಿಮರ್ಶೆಯ ಸಾಲಿನಲ್ಲಿಟ್ಟು ಓದುವುದು ಈ ಕಾರಣಕ್ಕೆ.