ಚುಕ್ಕಾಣಿ ಎಂಬ ಮಾತು

ನಾನು ಮದ್ದೂರಿನಲ್ಲಿ ಗಣಿತದ ಮೇಷ್ಟರಾಗಿದ್ದವನು. 34ನೆಯ ವಯಸ್ಸಿನಲ್ಲಿ ಮೊದಲ ಸಲ ಎರಡು ಸೀಟಿನ ವಿಮಾನ ಹತ್ತಿದೆ. ಆ ಹುಚ್ಚು ಬಿಡಲಿಲ್ಲ. ಈಗ ಹಾರುವುದನ್ನೇ ಹೇಳಿಕೊಡುತ್ತಿದ್ದೇನೆ. ಆದುದರಿಂದ ವುಲ್ಫ್‌ಗ್ಯಾಂಗ್ ಲಾಂಗವೀಶನ 'ಸ್ಟಿಕ್ ಅಂಡ್ ರಡರ್' ಎಂಬ 1944ರ ಗ್ರಂಥವನ್ನು ಕುರಿತ ಈ ಮಾತುಗಳಲ್ಲಿ ಪಕ್ಷಪಾತ ಕಂಡರೆ ವಾಚಕರು ಮನ್ನಿಸಬೇಕು.

ಲೇಖಕನೂ ಹುಟ್ಟಾ ವೈಮಾನಿಕನಲ್ಲ. ಜರ್ಮನಿಯಿಂದ ಅಮೆರಿಕಕ್ಕೆ ಓದಲು ಹೋಗಿ, ಕಾರು ಮಾರಿ ಹಾರುವುದನ್ನು ಕಲಿತವನು. ಮುಂದೆ ಸೈನ್ಯದ ತರುಣರಿಗೆ ಹಾರಾಟದ ತತ್ತ್ವವನ್ನು ಬೋಧಿಸಿದವನು. ದೊಡ್ಡವನಾದ ಮೇಲೆ ಕಲಿತವನಿಗೆ ತನ್ನ ಪೆದ್ದುತನ ಚೆನ್ನಾಗಿ ನೆನಪಿರುತ್ತದೆ. ಪುಸ್ತಕದ ಸತ್ತ್ವವೆಲ್ಲ ಆ ನೆನಪಿನಲ್ಲಿದೆ. ನೆಲ ಎದ್ದುಬಂದಂತೆ ಕಂಡಾಗ ಕೈ ತಾನಾಗಿ ಕೋಲನ್ನು ಹಿಂದಕ್ಕೆ ಎಳೆಯುತ್ತದೆ. ಎಳೆದಷ್ಟೂ ರೆಕ್ಕೆಗೂ ಎದುರು ಗಾಳಿಗೂ ನಡುವಣ ಕೋನ ಹೆಚ್ಚಿ, ಮಿತಿ ಮೀರಿದೊಡನೆ ರೆಕ್ಕೆ ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬದುಕಬೇಕಾದರೆ ಬೀಳುತ್ತಿರುವಾಗಲೇ ಕೋಲನ್ನು ಮುಂದಕ್ಕೆ ತಳ್ಳಬೇಕು! ಈ ಮಾತನ್ನು ಆತ ಹತ್ತು ಬಗೆಯಲ್ಲಿ ಹೇಳುತ್ತಾನೆ. ಎಂಟನೆಯ ಬಗೆಗೆ ಕೊಂಚ ಬೇಸರವಾಗುವುದೂ ನಿಜ.

ರಡರ್ ಎಂಬ ಹೆಸರು ಹಡಗಿನಿಂದ ಬಂದದ್ದು. ವಿಮಾನವನ್ನು ತಿರುಗಿಸುವುದು ಅದಲ್ಲ, ಓರೆಯಾದ ರೆಕ್ಕೆ ಎಂಬುದು ಆತನ ವಾದ. ರಡರಿನ ಕೆಲಸ ಮೂತಿ ಅಡ್ಡಕ್ಕೆ ಜಾರದಂತೆ ನೋಡಿಕೊಳ್ಳುವುದು. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಮಂಡ್ಯದ ಶಿಷ್ಯನೊಬ್ಬನಿಗೆ ಇಂಗ್ಲಿಷು ತೊಡಕೆಂದು ನಾನು ರಡರನ್ನು ಚುಕ್ಕಾಣಿ ಎಂದೇ ಹೇಳಿಕೊಟ್ಟಿದ್ದೆ. (ಮಳವಳ್ಳಿಯಲ್ಲಿ ಬೆಳೆದ ನಾನು ಕಾವೇರಿಯಲ್ಲಿ ಕಂಡ ಹರಿಗೋಲಿಗೆ ಚುಕ್ಕಾಣಿಯೇ ಇಲ್ಲ, ಹುಟ್ಟೊಂದೇ, ಪದ ಬಂದದ್ದು ನಿಘಂಟಿನಿಂದ.) ಇಳಿಯುವ ಮುಂಚಿನ ಕೊನೆಯ ತಿರುವಿನಲ್ಲಿ, ತಿರುವು ಸಾಲದೆಂದು ಅವನ ಕಾಲು ರಡರನ್ನು ಒತ್ತಿತು, ಕೈ ಮೂತಿಯನ್ನು ಎತ್ತಿತು. ಹಾಗಾದಾಗ ಒಂದು ರೆಕ್ಕೆ ಮೊದಲು ಸೋತರೆ ವಿಮಾನ ಗಿರಕಿ ಹೊಡೆಯುತ್ತದೆ. ಸರಿಪಡಿಸಲು ಅಲ್ಲಿ ಎತ್ತರವಿಲ್ಲ. ಕೋಲನ್ನು ನಾನೇ ತೆಗೆದುಕೊಂಡೆ. ಇಳಿದ ಮೇಲೆ ಅವನು, "ನೀವೇ ಚುಕ್ಕಾಣಿ ಅಂದಿದ್ರಲ್ಲ ಸಾರ್" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಲಾಂಗವೀಶನೂ ಎಡವಿದ್ದಾನೆ. ರಡರ್ ಪೆಡಲಿಲ್ಲದ ಎರ್ಕೂಪ್ ವಿಮಾನವನ್ನು ಮೆಚ್ಚಿ, ಪೆಡಲಿಗೆ ಇನ್ನು ಕಾಲವಿಲ್ಲವೆಂದು ನಂಬಿದ. ಇಂದಿಗೂ ತರಬೇತಿ ವಿಮಾನಗಳಲ್ಲಿ ಪೆಡಲುಗಳಿವೆ. ಅಡ್ಡಗಾಳಿಯಲ್ಲಿ ಇಳಿಯುವವನಿಗೆ ಅವು ಬೇಕೇ ಬೇಕು. ಎಲಿವೇಟರಿಗೆ ಆತ ಬಳಸಿದ 'ಫ್ಲಿಪ್ಪರ್' ಎಂಬ ಹೆಸರೂ ನಿಲ್ಲಲಿಲ್ಲ. ಆದರೂ ಹೆಸರು ಕೈಕಾಲುಗಳನ್ನು ಕೆಡಿಸುತ್ತದೆಂದು ಕಂಡುಕೊಂಡ ಆತನ ಬುದ್ಧಿ ದೊಡ್ಡದು.

ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ಶಾಲೆಯಿಂದ ಉಷಾ ಸುಂದರಂ ತೇರ್ಗಡೆಯಾದದ್ದು 1949ರಲ್ಲಿ. ಅಂದಿನಿಂದ ಇಷ್ಟು ವರ್ಷ ಕಳೆದರೂ ಇಂಥದೊಂದು ಪುಸ್ತಕ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅನುವಾದಕ್ಕೆ ಯಾರಾದರೂ ಮನಸ್ಸು ಮಾಡಿದರೆ ಚುಕ್ಕಾಣಿಯನ್ನು ಮಾತ್ರ ದಯಮಾಡಿ ಬಿಡಲಿ. ನಾನೀಗ ತರಗತಿಯಲ್ಲಿ 'ಬಾಲದ ಹಲಗೆ' ಎನ್ನುತ್ತೇನೆ. ಚೆಲುವಾದ ಮಾತೇನಲ್ಲ. ಮಂಡ್ಯದ ಹುಡುಗ ಅದನ್ನು ಕೇಳಿದಾಗಲೆಲ್ಲ ನಗುತ್ತಾನೆ. ಕೊನೆಯ ತಿರುವಿನಲ್ಲಿ ಅವನ ಕಾಲು ಮಾತ್ರ ಹದವಾಗಿರುತ್ತದೆ.