ಎಕ್ಸೆಲ್‌ನ ದಿನಗಣನೆ: ಎರಡು ಬಗೆಯ ತಪ್ಪು

ವಿಂಡೋಸ್‌ನ ಎಕ್ಸೆಲ್‌ನಲ್ಲಿ ಒಂದು ಸೆಲ್‌ಗೆ 60 ಎಂದು ತುಂಬಿ, ಅದನ್ನು ದಿನಾಂಕದ ರೂಪಕ್ಕೆ ಬದಲಿಸಿ ನೋಡಿ. ಅದು ದಿನಗಳಿಗೆ ಕೊಡುವ ಕ್ರಮಸಂಖ್ಯೆಯಂತೆ 1900ರ ಫೆಬ್ರುವರಿ 29 ಎಂದು ಬರುತ್ತದೆ. ಅಂಥ ದಿನವೇ ಇರಲಿಲ್ಲ. ಶತಮಾನದ ವರ್ಷ 400ರಿಂದ ನಿಶ್ಶೇಷವಾಗಿ ಭಾಗವಾದರೆ ಮಾತ್ರ ಅಧಿಕ ವರ್ಷ. 2000 ಹಾಗೆ ಭಾಗವಾಗುತ್ತದೆ, 1900 ಆಗುವುದಿಲ್ಲ.

ಈ ತಪ್ಪಿನ ಮೂಲ 1983ರಲ್ಲಿ ಬಂದ ಲೋಟಸ್ 1-2-3 ಎಂಬ ಲೆಕ್ಕಹಾಳೆಯ ತಂತ್ರಾಂಶ. ಆಗಿನ ಕಚೇರಿಗಳ ಲೆಕ್ಕಪತ್ರ ಅದರಲ್ಲಿತ್ತು. ಆ ಕಡತಗಳ ಲೆಕ್ಕ ತನ್ನ ಎಕ್ಸೆಲ್‌ನಲ್ಲೂ ತಾಳೆಯಾಗಲೆಂದು ಮೈಕ್ರೋಸಾಫ್ಟ್ ತಪ್ಪನ್ನು ಗೊತ್ತಿದ್ದೇ ಉಳಿಸಿಕೊಂಡಿತು. ನಾನಿದನ್ನು ಒಪ್ಪುತ್ತೇನೆ. ಈಗ ತಿದ್ದಹೊರಟರೆ 1900ರ ಮಾರ್ಚ್ 1ರಿಂದೀಚೆಗಿನ ಪ್ರತಿ ದಿನದ ಕ್ರಮಸಂಖ್ಯೆಯೂ ಒಂದೊಂದು ಹಿಂದೆ ಸರಿಯಬೇಕು. ಹಳೆಯ ಕಡತಗಳಲ್ಲಿ ಸಾಲದ ಕಂತು, ಬಡ್ಡಿಯ ಗಡುವು ಎಲ್ಲವೂ ಏರುಪೇರಾಗುತ್ತವೆ. ಉಳಿಸಿಕೊಂಡದ್ದರಿಂದ ಕೆಟ್ಟಿರುವುದು ಆ ವರ್ಷದ ಮೊದಲೆರಡು ತಿಂಗಳ ಲೆಕ್ಕ ಮಾತ್ರ: ಸೋಮವಾರವಾಗಿದ್ದ ಜನವರಿ 1ನ್ನು ಎಕ್ಸೆಲ್ ಭಾನುವಾರ ಎನ್ನುತ್ತದೆ. ಕಂಪನಿ ಇದನ್ನು ಮುಚ್ಚಿಟ್ಟಿಲ್ಲ, ಬಹಿರಂಗವಾಗಿಯೇ ದಾಖಲಿಸಿದೆ.

ಒಪ್ಪಲಾಗದ್ದು ಕೇಳದೆ ಊಹಿಸುವ ಚಾಳಿ. ವರ್ಷಕ್ಕೆ ಎರಡೇ ಅಂಕಿ ಕೊಟ್ಟರೆ 00ರಿಂದ 29ರವರೆಗಿನವನ್ನು ಈ ಶತಮಾನಕ್ಕೆ, 30ರಿಂದ 99ರವರೆಗಿನವನ್ನು ಹಿಂದಿನದಕ್ಕೆ ಹಾಕುವುದು ಅದರ ಬಹುಕಾಲದ ನಿಯಮ. 1925ರಲ್ಲಿ ಹುಟ್ಟಿದ ಪಿಂಚಣಿದಾರರ ಜನ್ಮದಿನವನ್ನು 5/6/25 ಎಂದು ತುಂಬಿದರೆ ಅವರು 2025ರಲ್ಲಿ ಹುಟ್ಟಿದವರಾಗುತ್ತಾರೆ. ಎಚ್ಚರಿಕೆಯ ಒಂದು ಸಾಲೂ ಬರುವುದಿಲ್ಲ.

ವಿಜ್ಞಾನಿಗಳು ತೆತ್ತ ಬೆಲೆ ಇನ್ನೂ ದೊಡ್ಡದು. ಸೆಪ್ಟ್2, ಮಾರ್ಚ್1 ಎಂಬ ಜೀನ್‌ಗಳ ಹೆಸರನ್ನು ಎಕ್ಸೆಲ್ ದಿನಾಂಕವಾಗಿಸುತ್ತಿತ್ತು. ಜೀನ್‌ಗಳ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಇಂಥ ದೋಷವಿದೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ 2020ರ ವೇಳೆಗೆ ಜೀನ್‌ಗಳೇ ಹೆಸರು ಬದಲಿಸಿಕೊಳ್ಳಬೇಕಾಯಿತು. ಈ ಮಾರ್ಪಾಡನ್ನು ನಿಲ್ಲಿಸುವ ಸೌಲಭ್ಯ ಬಂದದ್ದು 2023ರಲ್ಲಿ.

ಸುಮ್ಮನಿರಲು ಎಕ್ಸೆಲ್‌ಗೆ ಬಾರದೆ ಇಲ್ಲ. 1900ಕ್ಕಿಂತ ಹಿಂದಿನ ದಿನಾಂಕ ಅದರ ಗಣನೆಗೆ ಸಿಗುವುದಿಲ್ಲ. ಮೈಸೂರಿನ ಆಡಳಿತ ಒಡೆಯರಿಗೆ ಮರಳಿದ 1881ರ ಮಾರ್ಚ್ 25ನ್ನು ತುಂಬಿದರೆ ಅದನ್ನು ಬರಿಯ ಅಕ್ಷರವೆಂದು ಹಾಗೆಯೇ ಬಿಡುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಇದರಿಂದ ತೊಡಕುಂಟು, ಆದರೆ ಅವನು ಬರೆದದ್ದು ಕೆಡುವುದಿಲ್ಲ. ಅನುಮಾನವಿರುವ ಕಡೆಯಲ್ಲೆಲ್ಲ ಇದೇ ನಡೆ ಸಲ್ಲಬೇಕು: ತುಂಬಿದ್ದನ್ನು ಹಾಗೆಯೇ ಇಟ್ಟು, ಬದಲಿಸುವ ಮೊದಲು ಕೇಳಬೇಕು. ಅಲ್ಲಿಯವರೆಗೆ ನಾವು ವರ್ಷದ ನಾಲ್ಕೂ ಅಂಕಿಗಳನ್ನು ಬರೆಯೋಣ.